ಆರನೆಯವನು ಯಾರ ಪಾಲು

ಲ್ಯಾಡ್ ಹ್ರುಷ್ಕಾ ಜೀವಮಾನವೆಲ್ಲ ಫುಟ್‌ಬಾಲ್ ನೋಡಿದ, ಚೆಂಡನ್ನು ಮಾತ್ರ ನೋಡಲಿಲ್ಲ. ಚೆಂಡು ನೋಡುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಚೆಂಡು ಎಲ್ಲಿಗೆ ಹೋಯ್ತು ಅಂತ ಪೇಪರ್‌ನವರು ಬರೀತಾರೆ ಬಿಡು. ಅದು ಹೋಗೋವರೆಗೂ ಎದೆ ಕೊಟ್ಟು ನಿಂತವನು ಯಾರು ಅಂತ ಒಬ್ಬನೂ ಬರೆಯಲ್ಲ. ಅದನ್ನ ನಾನು ನೋಡ್ಕೋತೀನಿ" ಎನ್ನುತ್ತಿದ್ದ. ಅವನ ಹೆಂಡತಿ ಬರ್ನಿಸ್‌ಗೆ ಈ ಮಾತು ಮದುವೆಯಾದ ಹೊಸದರಲ್ಲೇ ಬಾಯಿಪಾಠವಾಗಿತ್ತು. ಅವನು ಶುರು ಮಾಡಿದರೆ ಅವಳು ಮುಗಿಸುತ್ತಿದ್ದಳು.

ಅಮೆರಿಕದ ಈ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಮದುಮಗ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಅವನು ಹಿಂದಕ್ಕೆ ಸರಿದು, ದೂರದಲ್ಲಿ ಓಡುತ್ತಿರುವ ತನ್ನವನಿಗೆ ಅದನ್ನು ಎಸೆಯಬೇಕು. ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವಲು ಎದುರಿನವರು ನುಗ್ಗುತ್ತಾರೆ. ಅವರನ್ನು ತಡೆಯುವುದು ಅವನ ಮುಂದೆ ಸಾಲಾಗಿ ನಿಲ್ಲುವ ಐವರ ಕೆಲಸ. ಒಬ್ಬೊಬ್ಬನೂ ಬಾಗಿಲಗಲದ ಆಳು, ಚೆಂಡು ಹಿಡಿದು ಓಡುವ ಭಾಗ್ಯ ಮಾತ್ರ ಒಬ್ಬನಿಗೂ ಇಲ್ಲ. ಗೆದ್ದರೆ ಮದುಮಗನ ಮೆರವಣಿಗೆ, ಸೋತರೆ ಸಾಲಿನವರಿಗೆ ಬೈಗುಳ. ಸರೋವರದ ದಂಡೆಯ ಪೋರ್ಟ್ ಹ್ಯಾಲೆಕ್ ಊರಿನ ತಂಡದಲ್ಲಿ ಆ ಐವರನ್ನು ತಿದ್ದುವ, ಅವರ ಕೆಲಸವನ್ನು ತೂಗಿ ಹೇಳುವ ಕೋಚ್ ಆಗಿದ್ದವನು ಲ್ಯಾಡ್.

ತೂಗುವುದಕ್ಕೆ ಅವನದೇ ಒಂದು ವಿಧಾನವಿತ್ತು. ಪೊರಕೆಯ ಕೋಲಿನ ತುದಿಗೆ ಓಟ್ಸ್ ಡಬ್ಬಿಯಿಂದ ಕತ್ತರಿಸಿದ ರಟ್ಟಿನ ತುಂಡೊಂದನ್ನು ಅಂಟಿಸಿಕೊಂಡಿದ್ದ. ಸೋಮವಾರ ಬೆಳಗ್ಗೆ ಸಾಲಿನವರ ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿ ಹಿಂದಿನ ದಿನದ ಪಂದ್ಯದ ರೀಲು ಓಡಿಸುವಾಗ, ಪರದೆಯ ಪಕ್ಕ ನಿಂತು ಆ ರಟ್ಟನ್ನು ಬೆಳಕಿಗೆ ಅಡ್ಡ ಹಿಡಿಯುತ್ತಿದ್ದ. ರಟ್ಟಿನ ನೆರಳು ನೇರ ಕ್ವಾರ್ಟರ್‌ಬ್ಯಾಕಿನ ಮೇಲೆ. ಅವನು ಮಾಯ, ಉಳಿದದ್ದು ಸಾಲು ಮಾತ್ರ. ಇನ್ನೊಂದು ಕೈಯಲ್ಲಿ ಉದ್ದ ತಂತಿಯ ಗುಂಡಿ, ಒತ್ತಿದರೆ ರೀಲು ಹಿಂದೆ ಹೋಗುತ್ತದೆ, ಮತ್ತೆ ಒತ್ತಿದರೆ ಮುಂದೆ ಬರುತ್ತದೆ. ಒಂದೇ ಹೆಜ್ಜೆಯನ್ನು ಅವನು ಎಲ್ಲರಿಗೂ ತಲೆನೋವು ಬರುವವರೆಗೆ ನಡೆಸುತ್ತಿದ್ದ.

"ಕ್ವಾರ್ಟರ್‌ಬ್ಯಾಕ್ ಬಿದ್ನಾ ನಿಂತ್ನಾ ಅಂತ ನೋಡಿ ನಿಮಗೆ ಅಂಕ ಹಾಕೋನು ಉಂಡವನ ಹೊಟ್ಟೆ ನೋಡಿ ಅಡುಗೆಗೆ ಅಂಕ ಹಾಕೋನು" ಎಂದು ಹೊಸಬರಿಗೆ ಹೇಳುತ್ತಿದ್ದ. "ನೀವು ಐದೂ ಜನ ಸೋತು ಮಲಗಿದ್ರೂ ಒಂದೊಂದ್ ಸಲ ಚೆಂಡು ಹಾರಿಬಿಡುತ್ತೆ. ಊರೆಲ್ಲ ಚಪ್ಪಾಳೆ. ನನ್ನ ಹತ್ರ ಐದು ಮೈನಸ್. ಐದೂ ಜನ ಗೆದ್ದು ನಿಂತಿದ್ರೂ ಅವನು ಬೀಳಬಹುದು. ಊರೆಲ್ಲ ಥೂ ಅನ್ನುತ್ತೆ. ನನ್ನ ಹತ್ರ ಐದು ಪ್ಲಸ್. ಊರು ಬೇಕೋ ನಾನು ಬೇಕೋ ಅಂತ ಈಗಲೇ ಯೋಚನೆ ಮಾಡ್ಕೊಳ್ಳಿ."

ಆ ಕೋಣೆಗೆ ಎರಡು ಕಾನೂನು. ಕ್ವಾರ್ಟರ್‌ಬ್ಯಾಕ್ ಬಿದ್ದ ಪ್ರತಿ ಸಲಕ್ಕೂ ಲ್ಯಾಡ್ "ಯಾರದು?" ಎಂದು ಕೇಳುತ್ತಾನೆ. ಯಾರ ತಪ್ಪೋ ಅವನು ಕೈಯೆತ್ತಿ "ನನ್ನದು" ಅನ್ನಬೇಕು, ಸಬೂಬು ಹೇಳುವಂತಿಲ್ಲ. ಇದು ಒಳಗಿನ ಕಾನೂನು. ಹೊರಗಿನದು ಇನ್ನೂ ಕಠಿಣ. ಬಾಗಿಲು ದಾಟಿದ ಮೇಲೆ ಸಾಲಿನವನು ಯಾರ ಹೆಸರನ್ನೂ ಎತ್ತಬಾರದು, ಕ್ವಾರ್ಟರ್‌ಬ್ಯಾಕಿನ ಹೆಸರನ್ನಂತೂ ಸತ್ತರೂ ಎತ್ತಬಾರದು. ಯಾರಾದರೂ ಕೇಳಿದರೆ ತಪ್ಪು ತನ್ನದೇ ಅನ್ನಬೇಕು. ಈ ಎರಡನೆಯ ಕಾನೂನನ್ನು ಲ್ಯಾಡ್ ಮಾಡಿದ್ದಲ್ಲ. ಅವನ ಹಿಂದಿನವರು, ಅವರ ಹಿಂದಿನವರು ಮಾಡಿಟ್ಟದ್ದು. ಅದರ ರುಚಿ ಏನೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಯಾಕೆಂದರೆ ಅವನೂ ಒಂದು ಕಾಲಕ್ಕೆ ಸಾಲಿನವನೇ. ಅಪ್ಪ ಉಕ್ಕಿನ ಕುಲುಮೆಯ ಮುಂದೆ ಬೆಂದವನು, ಮಗ ಆ ಬೆಂಕಿಯನ್ನು ತಪ್ಪಿಸಿಕೊಂಡು ಬೇರೊಂದು ಊರಿನ ತಂಡ ಸೇರಿದ್ದ. ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿಕೊಳ್ಳುವಷ್ಟು ಆಡಿದ. ಒಂದು ದೊಡ್ಡ ಪಂದ್ಯದಲ್ಲಿ ಅಲ್ಲಿಯ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯದೆ ಮೀನಮೇಷ ಎಣಿಸುತ್ತ ನಿಂತು ಬಿದ್ದ. ಪಂದ್ಯ ಹೋಯಿತು. ಪೇಪರಿನವರು ಕೇಳಿದಾಗ ಲ್ಯಾಡ್ ಕಾನೂನಿನಂತೆ "ನನ್ನದು" ಅಂದ. ಆ ವಾರವೇ ಅವನನ್ನು ತಂಡದಿಂದ ತೆಗೆದರು. ಕ್ವಾರ್ಟರ್‌ಬ್ಯಾಕನ್ನೇ ಬೀಳಿಸಿದವನು ಎಂಬ ಹೆಸರು ಹೊತ್ತವನನ್ನು ಇನ್ನೊಂದು ತಂಡ ಸೇರಿಸಿಕೊಳ್ಳಲಿಲ್ಲ. ಅಲ್ಲಿಗೆ ಆಟ ಮುಗಿಯಿತು.

ಆ ಕ್ವಾರ್ಟರ್‌ಬ್ಯಾಕ್ ಒಂದು ಮಾತೂ ಆಡಲಿಲ್ಲ. ಆದರೆ ಪ್ರತಿ ಕ್ರಿಸ್‌ಮಸ್‌ಗೆ ಲ್ಯಾಡ್ ಮನೆಗೆ ಒಂದು ಹ್ಯಾಮ್ ಬರುತ್ತದೆ, ಹೊಗೆಯಲ್ಲಿ ಒಣಗಿಸಿದ ಇಡೀ ಹಂದಿತೊಡೆ. ಆ ಕಡೆ ಯಾರ ಮನೆಯಲ್ಲಿ ಸಾವುನೋವು ಆದರೂ ಜನ ಹ್ಯಾಮ್ ಹೊತ್ತುಕೊಂಡು ಹೋಗುವುದು ವಾಡಿಕೆ. ಇದರ ಜೊತೆ ಒಂದು ಸಾಲಿನ ಚೀಟಿಯೂ ಇರುವುದಿಲ್ಲ.

"ಬಂತು ನೋಡು ನಿನ್ನ ಗೆಳೆಯನ ಬಾಯಿ" ಎಂದು ಬರ್ನಿಸ್ ಪ್ರತಿ ಸಲ ಅನ್ನುತ್ತಾಳೆ, ಹಾಗೇ ಅದನ್ನು ಚರ್ಚಿನ ಅಡುಗೆಮನೆಗೆ ಕೊಟ್ಟು ಬರುತ್ತಾಳೆ. ಲ್ಯಾಡ್ ಅದರ ಒಂದು ಚೂರನ್ನೂ ಬಾಯಿಗಿಟ್ಟವನಲ್ಲ. ಊರಿನಲ್ಲಿ ಎಲ್ಲರೂ ಅವನಿಗೆ ಹ್ಯಾಮ್ ಸೇರುವುದಿಲ್ಲ ಎಂದೇ ತಿಳಿದಿದ್ದರು.

ಹೀಗಿರುವಾಗ ಆ ನವೆಂಬರಿನ ಭಾನುವಾರ ಬಂತು. ಪೋರ್ಟ್ ಹ್ಯಾಲೆಕ್‌ನ ಕ್ವಾರ್ಟರ್‌ಬ್ಯಾಕ್ ಆಗ ಗ್ರೇಡಿ ವಿಟ್ಲಾಕ್, ಮೀಸೆ ಸರಿಯಾಗಿ ಮೂಡದ ಹುಡುಗ. ಊರಿನ ಗೋಡೆಗೋಡೆಯ ಮೇಲೆ ಅವನದೇ ನಗು. ಬಲಗೈಯಲ್ಲಿ ಎಸೆಯಲು ತಿರುಗಿದಾಗ ಅವನ ಬೆನ್ನು ಬೀಳುವ ಕಡೆ, ಸಾಲಿನ ಎಡತುದಿಯಲ್ಲಿ ನಿಲ್ಲುವವನು ಅಮೋಸ್ ಟಿಬಡೊ, ಲೂಯಿಸಿಯಾನದ ಕೆಸರು ನಾಡಿನಿಂದ ಬಂದ ದೈತ್ಯ. ಕಪ್ಪಗೆ, ಮೌನಿ. ಪಂದ್ಯದ ಕೊನೆಯಲ್ಲಿ ಎದುರಿನವರು ಆರು ಜನರನ್ನು ಒಟ್ಟಿಗೆ ನುಗ್ಗಿಸಿದರು. ತಡೆಯುವವರು ಐವರು, ನುಗ್ಗಿದವರು ಆರು. ಹೊರಗಿನ ಅಂಚಿನಿಂದ ಬಂದವನು ಯಾರ ಕೈಗೂ ಸಿಗದೆ ಓಡಿಬಂದು ಗ್ರೇಡಿಯನ್ನು ಬೆನ್ನಿನಿಂದ ಎತ್ತಿ ಬಲ ಭುಜದ ಮೇಲೆ ಕುಕ್ಕಿದ. ಹುಡುಗನ ಹೆಗಲ ಎಲುಬು ಮುರಿಯಿತು. ಪಂದ್ಯವೂ ಹೋಯಿತು.

ಟೀವಿಯಲ್ಲಿ ಕಂಡದ್ದು ಒಂದೇ. ಎಡಗಡೆಯಿಂದ ಒಬ್ಬ ಓಡಿಬಂದ, ಎಡಗಡೆ ಕಾಯುವವನು ಅವನನ್ನು ಮುಟ್ಟಲೂ ಇಲ್ಲ. ಪೇಪರಿನವರು ಮೈಕು ಹಿಡಿದಾಗ ಅಮೋಸ್ ನೆಲ ನೋಡುತ್ತ "ನನ್ನ ಕಡೆಯಿಂದ ಬಂದ. ನನ್ನದು" ಎಂದ. ಮುಗಿಯಿತಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಊರು ಅದು. ಕತ್ತಲಾಗುವ ಮೊದಲೇ ಅಮೋಸ್‌ನ ಕಾರಿನ ಗಾಜಿಗೆ ಯಾರೋ ಮೊಟ್ಟೆ ಹೊಡೆದಿದ್ದರು.

ಸೋಮವಾರ ಬೆಳಗ್ಗೆ ಕೋಣೆಯಲ್ಲಿ ಲ್ಯಾಡ್ ರೀಲು ಹಾಕಿದ, ರಟ್ಟು ಹಿಡಿದ. ಆ ಘಳಿಗೆ ಬಂತು. "ಯಾರದು?" ಎಂದ.

ಅಮೋಸ್ ಕೈಯೆತ್ತಿದ. "ನನ್ನದು, ಕೋಚ್."

"ಕೈ ಇಳಿಸು. ಪ್ಲಸ್."

ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದವರು ಹಾಗೇ ನಿಂತರು. ಸಾಲಿನ ನಡುವೆ ನಿಲ್ಲುವ ಓಟಿಸ್ ಪ್ರೂಯಿಟ್, ಅವರಲ್ಲೆಲ್ಲ ಹಳಬ, ನಿಧಾನಕ್ಕೆ ಕಪ್ಪು ಕೆಳಗಿಟ್ಟ.

ಲ್ಯಾಡ್ ರೀಲನ್ನು ಹಿಂದೆ ಓಡಿಸಿದ. "ನೋಡು ನಿನ್ನ ಕಾಲು. ಮೊದಲನೇ ಹೆಜ್ಜೆ ಹೊರಗಿನವನ ಕಡೆಗೆ. ಸರಿ. ಅಷ್ಟರಲ್ಲಿ ಒಳಗಿನ ಸಂದಿಗೆ ಇವನು ಬಂದ. ನೀನು ತಿರುಗಿ ಇವನನ್ನ ಹಿಡಿದೆ. ನಾನು ಏನು ಹೇಳಿಕೊಟ್ಟಿದ್ದೀನಿ?"

"ಒಳಗಿನವನು ಮೊದಲು."

"ಯಾಕೆ?"

"ಒಳಗಿನವನಿಗೆ ದಾರಿ ಹತ್ತಿರ. ಹೊರಗಿನವನು ಸುತ್ತಿಕೊಂಡು ಬರ್ಬೇಕು."

"ಆರು ಜನ ಬಂದ್ರೆ ಆರನೇವನು ಯಾರ ಪಾಲು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಆರನೆಯವನು ಕ್ವಾರ್ಟರ್‌ಬ್ಯಾಕಿನ ಪಾಲು. ಪ್ರತಿ ಸಲ ಚೆಂಡು ಹೊರಡುವ ಮುಂಚೆಯೇ ಅವನು ಎದುರಿನ ತಲೆಗಳನ್ನು ಎಣಿಸಬೇಕು, ಒಂದು ತಲೆ ಹೆಚ್ಚು ಕಂಡರೆ ಚೆಂಡು ಕೈಗೆ ಬಂದ ಕೂಡಲೇ ಎಸೆದುಬಿಡಬೇಕು. ಗ್ರೇಡಿ ಎಸೆಯಲಿಲ್ಲ. ದೂರದವನು ಸಿಕ್ಕಾನು ಎಂದು ಚೆಂಡು ಹಿಡಿದುಕೊಂಡು ನಿಂತ. ಅದೆಲ್ಲ ರಟ್ಟಿನ ಹಿಂದೆ ಇತ್ತು.

"ಕೋಚ್, ನಾನು ಊರಿಗೆಲ್ಲ ನನ್ನದು ಅಂತ ಹೇಳಿ ಆಗಿದೆ" ಎಂದ ಅಮೋಸ್. ದನಿಯಲ್ಲಿ ಸಿಟ್ಟಿತ್ತು. "ಈಗ ನೀವು ಪ್ಲಸ್ ಅಂದ್ರೆ ನಾನು ಸುಳ್ಳುಗಾರ ಆಗ್ತೀನಿ. ಆ ಹುಡುಗನ ಹೆಸರು ಬೀದಿಗೆ ಬೀಳುತ್ತೆ. ಅದು ನಮ್ಮ ಪದ್ಧತಿ ಅಲ್ಲ."

"ಈ ಕೋಣೇಲಿ ಪದ್ಧತಿ ನಿಜ ಹೇಳೋದು. ನೀನು ತಪ್ಪು ಮಾಡದೆ ಕೈಯೆತ್ತಿದ್ರೆ ಅದೂ ಸುಳ್ಳೇ. ಪ್ಲಸ್ ಅಂದ್ರೆ ಪ್ಲಸ್. ಮುಂದಿನ ತುಣುಕು ಹಾಕ್ತೀನಿ, ಅದ್ರಲ್ಲಿ ಬಗ್ಗಬೇಕಾದ ಕಡೆ ನಿನ್ನ ಸೊಂಟ ನೆಟ್ಟಗಿತ್ತು, ಮೈನಸ್. ಅದಕ್ಕೆ ಬೇಕಾದ್ರೆ ಅಳು."

ಓಟಿಸ್ ನಕ್ಕ, ಅಮೋಸ್ ನಗಲಿಲ್ಲ.

ಕೋಣೆಯಿಂದ ಹೊರಬಂದರೆ ಪ್ರೆಸ್ಟನ್ ಕೀಲ್ ಕಾಯುತ್ತಿದ್ದ. ಯಾರು ತಂಡದಲ್ಲಿರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವ ಮ್ಯಾನೇಜರ್ ಅವನು. ಅಂದವಾದ ಕೋಟು, ಯಾವಾಗಲೂ ತಗ್ಗಿಸಿದ ದನಿ.

"ಲ್ಯಾಡ್, ಇವತ್ತು ಅಭಿಮಾನಿಗಳ ಊಟಕ್ಕೆ ನೀವು ಹೋಗಿ. ಆ ಆಟ ತೋರಿಸಿ. ಎಡತುದಿಯವನು ತಪ್ಪಿದ, ಇನ್ನು ಮೇಲೆ ಹೀಗಾಗಲ್ಲ ಅಂತ ಎರಡು ಮಾತು ಹೇಳಿ. ಈ ಭಾನುವಾರ ಹೇಗೂ ಪಂದ್ಯ ಇಲ್ಲ. ಮುಂದಿನ ವಾರ ಮಂಗಳವಾರ ಟಿಬಡೊನ ಬಿಡ್ತಾ ಇದ್ದೀವಿ. ಜನಕ್ಕೂ ಸಮಾಧಾನ ಆಗ್ಬೇಕಲ್ಲ."

"ಅವನು ತಪ್ಪಿಲ್ಲ."

"ಅವನೇ ಒಪ್ಪಿಕೊಂಡಿದ್ದಾನಲ್ರೀ."

"ಅವನು ಒಪ್ಪಿಕೊಂಡ ಅಂತ ನಾನು ಒಪ್ಪಬೇಕಾ? ಒಪ್ಪಿಕೊಳ್ಳೋದು ಅವನ ಮರ್ಯಾದೆ. ನೋಡೋದು ನನ್ನ ಕೆಲಸ."

ಕೀಲ್ ತಣ್ಣಗೆ ನಕ್ಕ. "ಗೋಡೆ ಮೇಲೆ ಯಾರ ಚಿತ್ರ ಇದೆ ನೋಡಿದ್ದೀರಲ್ಲ? ಟಿಬಡೊ ಚಿತ್ರ ಎಲ್ಲೂ ಇಲ್ಲ. ಯೋಚನೆ ಮಾಡಿ."

ಲ್ಯಾಡ್ ಯೋಚನೆ ಮಾಡಿದ, ದಾರಿಯುದ್ದಕ್ಕೂ ಮಾಡಿದ. ಈ ಹೆಸರು ಹೊತ್ತು ಹೊರಬಿದ್ದರೆ ಅಮೋಸ್‌ನನ್ನು ಇನ್ನೊಬ್ಬರು ಕರೆಯುವುದಿಲ್ಲ, ಅದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗ್ರೇಡಿಯ ಹೆಸರು ಹೇಳಿಬಿಟ್ಟರೆ ಅಮೋಸ್ ಉಳಿಯುತ್ತಾನೆ. ಆದರೆ ಆಮೇಲೆ ಅವನ ಐವರಲ್ಲಿ ಒಬ್ಬನೂ ಅವನ ಮುಖ ನೋಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಕೈಗೆ ಕಬ್ಬಿಣ ಕಾಯಿಸಿ ಕೊಡುವುದು ಮಾತ್ರ ತನ್ನಿಂದಾಗದು ಎಂದು ಅವನಿಗೆ ಅನ್ನಿಸಿತು.

ಆ ಊಟ ನಡೆಯುವುದು ಯೂರೋಪಿನಿಂದ ವಲಸೆ ಬಂದ ಸ್ಲೋವಾಕರ ಸಭಾಭವನದಲ್ಲಿ. ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು, ಹುಳಿ ಎಲೆಕೋಸು, ಬಿಯರು. ಪ್ರತಿ ಸೋಮವಾರ ಅಭಿಮಾನಿಗಳು ಉಣ್ಣುತ್ತ ಪಂದ್ಯದ ರೀಲು ನೋಡಿ ಕೋಚ್‌ಗಳಿಗೆ ಪ್ರಶ್ನೆ ಕೇಳುವುದು, ಊರಿನ ರೇಡಿಯೋ ಅದನ್ನು ಮನೆಮನೆಗೆ ಮುಟ್ಟಿಸುವುದು. ಲ್ಯಾಡ್ ಪೊರಕೆ ಕೋಲು ಹಿಡಿದು ಒಳಗೆ ಬಂದದ್ದೇ ಮೊದಲ ನಗು ಎದ್ದಿತು.

"ಓ ಲ್ಯಾಡ್, ನಿನ್ನ ಸಾಲನ್ನ ಗುಡಿಸೋಕೆ ಬಂದ್ಯಾ?" ಇದು ಎಡ್ ಸ್ಟ್ರಾಪ್ಕೊ, ಮಾಂಸದ ಅಂಗಡಿಯವನು. ಲ್ಯಾಡ್‌ಗೆ ಮಾಂಸ ಕೊಡುವವನೂ ಅವನೇ, ಬೈಯುವವನೂ ಅವನೇ. "ಆ ಅಮೋಸ್ ಬಾಗಿಲು ಕಾಯೋ ಆಳೋ, ಬಂದವರಿಗೆ ಬಾಗಿಲು ತೆಗೆಯೋ ಆಳೋ? ಅದನ್ನ ಮೊದ್ಲು ಹೇಳು."

"ಎಡ್, ನೀನು ಆ ಆಟದಲ್ಲಿ ಯಾರನ್ನ ನೋಡ್ತಿದ್ದೆ?"

"ಇನ್ಯಾರನ್ನ ನೋಡ್ತಾರೆ? ಗ್ರೇಡೀನ."

"ಹಂಗಾದ್ರೆ ಬಾಯಿ ಮುಚ್ಕೊಂಡು ಪಿರೋಹಿ ತಿನ್ನು. ಈಗ ಸಾಲು ನೋಡುವಂತೆ."

ದೀಪ ಆರಿಸಿದರು, ರೀಲು ಓಡಿತು. ಲ್ಯಾಡ್ ಪರದೆಯ ಪಕ್ಕ ನಿಂತು ರಟ್ಟು ಅಡ್ಡ ಹಿಡಿದ. ಹಿಂದಿನ ಗೋಡೆಗೆ ಒರಗಿ ಕೀಲ್ ಕೈಕಟ್ಟಿ ನಿಂತಿದ್ದ. ಲ್ಯಾಡ್ ಐವರನ್ನು ಒಬ್ಬೊಬ್ಬರನ್ನಾಗಿ ತೋರಿಸಿದ. ಬಲತುದಿಯವನು ತನ್ನವನನ್ನು ಹಿಡಿದಿದ್ದಾನೆ. ಓಟಿಸ್ ಹಿಡಿದಿದ್ದಾನೆ. ಅಮೋಸ್ ಒಳಗೆ ತಿರುಗಿ, ಸಂದಿಯಲ್ಲಿ ಬಂದವನನ್ನು ಎದೆಗೆ ಎದೆ ಕೊಟ್ಟು ನಿಲ್ಲಿಸಿದ್ದಾನೆ. ಹಿಂದೆ, ಮುಂದೆ, ಮತ್ತೆ ಹಿಂದೆ. ಚಮಚಗಳ ಸದ್ದು ಕಡಿಮೆಯಾಯಿತು.

"ಐದು ಜನಕ್ಕೆ ಐದು ಜನ. ಒಬ್ಬನೂ ತಪ್ಪಿಲ್ಲ. ಇದರಲ್ಲಿ ಮೈನಸ್ ಎಲ್ಲಿದೆ ತೋರಿಸಿ, ನಾನು ನಾಳೆಯಿಂದ ಕೆಲಸಕ್ಕೆ ಹೋಗಲ್ಲ."

"ಮತ್ತೆ ಆ ಆರನೇವನು?" ಎಡ್ ಎದ್ದೇ ನಿಂತ. "ಅವನೇನು ಆಕಾಶದಿಂದ ಉದುರಿದ್ನಾ? ಅವನನ್ನ ಯಾರು ನೋಡ್ಕೋಬೇಕಿತ್ತು? ಆ ರಟ್ಟು ತೆಗಿ ಮಾರಾಯ, ಹಿಂದೆ ಏನಾಯ್ತು ನೋಡೋಣ."

"ರಟ್ಟು ತೆಗೆಯಲ್ಲ."

"ಯಾಕೆ?"

"ನನ್ನ ಕೆಲಸ ರಟ್ಟಿನ ಮುಂದೆ ಇರೋದು. ಹಿಂದಿನದು ನಿಮಗೆ ಹೇಳೋಕೆ ನಾನು ಇಲ್ಲಿಗೆ ಬಂದಿಲ್ಲ."

ಭವನದಲ್ಲಿ ಗುಜುಗುಜು ಎದ್ದಿತು. ಯಾರೋ ಥೂ ಎಂದು ಕೂಗಿದರು, ಇನ್ಯಾರೋ ಮೇಜು ಕುಟ್ಟಿದರು. ಹಿಂದಿನಿಂದ ಕೀಲ್ ತಗ್ಗಿದ ದನಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ, "ಹಾಗಾದ್ರೆ ತಪ್ಪು ಯಾರದು ಲ್ಯಾಡ್? ಯಾರದ್ದಾದ್ರೂ ಇರ್ಬೇಕಲ್ಲ" ಎಂದ.

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಲ್ಯಾಡ್ ಅದನ್ನು ನುಂಗಿದ. ನುಂಗುವುದು ಎಷ್ಟು ಕಷ್ಟ ಎಂಬುದು ಹತ್ತಿರ ಕೂತಿದ್ದವರಿಗೂ ಕಂಡಿತು.

"ಅಮೋಸ್ ಟಿಬಡೊದಲ್ಲ. ಇದನ್ನ ಮೊದಲು ತಲೆಗೆ ಹಾಕ್ಕೊಳ್ಳಿ. ಒಳಗಿನವನು ಮೊದಲು ಅಂತ ಅವನಿಗೆ ಕಲಿಸಿದವನು ನಾನು. ಅವನು ಕಲಿಸಿದ ಹಾಗೇ ಮಾಡಿದ. ನಾಳೆನೂ ಅದನ್ನೇ ಕಲಿಸ್ತೀನಿ, ನಾಡಿದ್ದೂ ಅದನ್ನೇ ಕಲಿಸ್ತೀನಿ. ಯಾರನ್ನಾದ್ರೂ ಹಿಡಿದು ಬಡೀಲೇಬೇಕು ಅನ್ನೋದಾದ್ರೆ ನನ್ನ ಮನೆ ಎಲ್ಲಿದೆ ಅಂತ ಎಡ್‌ಗೆ ಗೊತ್ತು. ಅಮೋಸ್‌ನ ಕಾರಿಗೆ ಇನ್ನೊಂದು ಮೊಟ್ಟೆ ಬಿದ್ರೆ ನಾನು ಸುಮ್ನಿರಲ್ಲ."

ಅವನು ಕೋಲನ್ನು ಹೆಗಲಿಗೇರಿಸಿಕೊಂಡು ಊಟ ಮಾಡದೆ ಹೊರಟ. ರೀಲನ್ನೂ ಪ್ರೊಜೆಕ್ಟರಿನಿಂದ ಬಿಚ್ಚಿಕೊಂಡು ಹೋದ.

ಮರುದಿನ ಕೀಲ್ ಅವನನ್ನು ಕರೆಸಿಕೊಂಡ. ಇನ್ನೂ ಸಮಯವಿದೆ, ಅಮೋಸ್‌ಗೆ ಮೈನಸ್ ಅಂದುಬಿಡಿ, ಎಲ್ಲ ಮರೆಯೋಣ ಎಂದ. ಲ್ಯಾಡ್ ಆಗುವುದಿಲ್ಲ ಎಂದ. ಹಾಗಾದರೆ ಕೆಲಸ ಬಿಡಿ ಎಂದ ಕೀಲ್. ಲ್ಯಾಡ್ ಎದ್ದು ನಿಂತ.

"ನನ್ನ ತೆಗೆದ್ರಿ, ಸರಿ. ತಪ್ಪು ಕೋಚಿಂದು ಅಂತ ಊರ ಮುಂದೆ ಹೇಳಿ ಆಯ್ತು. ಇನ್ನು ಅಮೋಸ್‌ನ ಯಾಕೆ ತೆಗೀತೀರಿ?"

"ಅದು ನಮಗೆ ಬಿಟ್ಟಿದ್ದು" ಎಂದ ಕೀಲ್. ಮುಂದಿನ ಮಂಗಳವಾರ ಅಮೋಸ್ ಕೂಡ ಹೋಗುತ್ತಾನೆ ಎಂಬುದು ಆ ಮಾತಿನಲ್ಲೇ ಇತ್ತು. ತನ್ನ ನೌಕರಿ ಕೊಟ್ಟೂ ಲ್ಯಾಡ್‌ಗೆ ಏನನ್ನೂ ಉಳಿಸಲಾಗಲಿಲ್ಲ. ಹೊರಡುವಾಗ ತಂಡದ ಟೋಪಿ, ಕೀಲಿಕೈ ಎಲ್ಲ ಮೇಜಿನ ಮೇಲೆ ಇಟ್ಟ. ರೀಲನ್ನು ಮಾತ್ರ ಕೊಡಲಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ.

ಸಾಲಿನವರು ಪ್ರತಿ ಗುರುವಾರ ಸಂಜೆ ಒಟ್ಟಿಗೆ ಉಣ್ಣುವುದು ರೂಢಿ. ಆ ಗುರುವಾರ ಯಾರನ್ನೂ ಕೇಳದೆ ಐವರೂ ಲ್ಯಾಡ್‌ನ ಮನೆಗೆ ಬಂದರು. ಬರ್ನಿಸ್ ದೊಡ್ಡ ಪಾತ್ರೆಯಲ್ಲಿ ಮಾಂಸ ತುಂಬಿದ ಎಲೆಕೋಸಿನ ಸುರುಳಿ ಬೇಯಿಸಿದ್ದಳು. ಅಮೋಸ್ ಬಾಗಿಲಲ್ಲೇ ನಿಂತುಬಿಟ್ಟ.

"ನಾನು ಬಂದಿದ್ದು ಬೈಯೋಕೆ. ನನ್ನಿಂದ ನಿಮ್ಮ ಕೆಲಸ ಹೋಯ್ತು. ನಾನು ನನ್ನದು ಅಂದಿದ್ದೆ, ನೀವು ಅಲ್ಲಿಗೇ ಬಿಡ್ಬೇಕಿತ್ತು."

"ಬಿಟ್ಟು ನೋಡಿದ್ದೀನಿ ಕಣೋ" ಎಂದ ಲ್ಯಾಡ್. ಆಮೇಲೆ ತನ್ನ ಆ ಹಳೆಯ ಪಂದ್ಯದ ಕಥೆಯನ್ನು, ಕೈಯೆತ್ತಿದ್ದನ್ನು, ಪ್ರತಿ ವರ್ಷ ಬರುವ ಹ್ಯಾಮನ್ನು ಹೇಳಿದ. ಓಟಿಸ್‌ಗೂ ಅದು ಗೊತ್ತಿರಲಿಲ್ಲ. "ನಮ್ಮ ಕಾನೂನು ಒಳ್ಳೇದೇ. ಆದ್ರೆ ನಾವು ಬಾಯಿ ಮುಚ್ಕೊಂಡಿರೋದು ಕ್ವಾರ್ಟರ್‌ಬ್ಯಾಕ್ ಬಾಯಿ ತೆಗೀಲಿ ಅಂತ. ಅವನೂ ಮುಚ್ಕೊಂಡ್ರೆ ಅದು ಕಾನೂನಲ್ಲ, ನಮ್ಮ ತಲೆ ಮೇಲೆ ಚಪ್ಪಡಿ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಬರ್ನಿಸ್ ತೆಗೆದಳು. ಗ್ರೇಡಿ ವಿಟ್ಲಾಕ್ ನಿಂತಿದ್ದ. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿ, ಎಡಗೈಯಲ್ಲಿ ಬಟ್ಟೆ ಸುತ್ತಿದ ಒಂದು ಭಾರದ ಗಂಟು. ಮುಖ ಬಿಳುಚಿಕೊಂಡಿತ್ತು.

"ಏನಪ್ಪ ಅದು?" ಎಂದು ಕೇಳಿದಳು.

"ಹ್ಯಾಮ್, ಮೇಡಂ. ಅಮ್ಮ ಕಳಿಸಿದ್ರು. ಕೋಚ್‌ಗೆ ಹೀಗಾಯ್ತಲ್ಲ ಅಂತ."

ಬರ್ನಿಸ್ ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಒಳಗೆ ಕೂತವರೂ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಹುಡುಗನಿಗೆ ತಲೆಬುಡ ತಿಳಿಯಲಿಲ್ಲ. ಲ್ಯಾಡ್ ಬಾಗಿಲಿಗೆ ಬಂದ. ಅವನೊಬ್ಬ ನಗುತ್ತಿರಲಿಲ್ಲ.

"ಒಳಗೆ ಬರೋದಾದ್ರೆ ಅದನ್ನ ಹೊರಗಿಟ್ಟು ಬಾ."

"ಕೋಚ್?"

"ಹೊರಗಿಡು ಅಂದೆ."

ಗ್ರೇಡಿ ಹ್ಯಾಮನ್ನು ಜಗುಲಿಯ ಬೆಂಚಿನ ಮೇಲಿಟ್ಟು ಒಳಗೆ ಬಂದ. ಕೂರಲು ಅವನಿಗೆ ಯಾರೂ ಜಾಗ ಬಿಡಲಿಲ್ಲ. ಲ್ಯಾಡ್ ಊಟದ ಕೋಣೆಯ ಗೋಡೆಯಿಂದ ಏಸುವಿನ ಪಟವನ್ನು ಇಳಿಸಿ, ತನ್ನ ಹಳೆಯ ಪ್ರೊಜೆಕ್ಟರ್ ಹಚ್ಚಿದ. ಭಾನುವಾರದ ಆಟ ಗೋಡೆಯ ಮೇಲೆ ಬಂತು. ಪೊರಕೆ ಕೋಲನ್ನು ಎತ್ತಿ ರಟ್ಟು ಅಡ್ಡ ಹಿಡಿದ. ಐವರು ತಡೆದು ನಿಂತರು, ಆರನೆಯವನು ಓಡಿಬಂದ.

"ಯಾರದು?"

ಅಮೋಸ್‌ನ ಕೈ ಮೇಲೇಳತೊಡಗಿತು.

"ಕೈ ಇಳಿಸು" ಎಂದ ಲ್ಯಾಡ್. ರೀಲನ್ನು ಹಿಂದೆ ಓಡಿಸಿದ. ಆಮೇಲೆ ಅವನು ಯಾವತ್ತೂ ಮಾಡದ ಕೆಲಸ ಮಾಡಿದ. ಕೋಲನ್ನು ಮೂಲೆಗೆ ಒರಗಿಸಿಟ್ಟ. ಗೋಡೆಯ ಮೇಲೆ ಗ್ರೇಡಿ ಕಂಡ, ಚೆಂಡು ಹಿಡಿದವನು. ಹತ್ತಿರದಲ್ಲೇ ಒಬ್ಬ ತನ್ನವನು ಕೈಬೀಸಿ ಕೇಳುತ್ತಿದ್ದಾನೆ. ಗ್ರೇಡಿ ದೂರ ನೋಡುತ್ತಿದ್ದಾನೆ. ನೋಡುತ್ತಲೇ ಇದ್ದಾನೆ. ಲ್ಯಾಡ್ ಅಲ್ಲೇ ರೀಲು ನಿಲ್ಲಿಸಿದ.

"ಯಾರದು?"

ಬರ್ನಿಸ್ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಗ್ರೇಡಿಯ ಎಡಗೈ ನಿಧಾನಕ್ಕೆ ಮೇಲೆದ್ದಿತು.

"ನನ್ನದು" ಎಂದ. "ಆರು ಜನ ಅಂತ ನಾನು ಎಣಿಸಿದ್ದೆ ಕೋಚ್. ಗೊತ್ತಿತ್ತು. ಆದ್ರೂ ಎಸೀಲಿಲ್ಲ."

ಲ್ಯಾಡ್ ಅವನನ್ನು ದಿಟ್ಟಿಸಿ ನೋಡಿದ. "ಚೆಂಡನ್ನ ಹಿಡ್ಕೊಂಡ ಹಾಗೇ ಇದನ್ನೂ ಹೊತ್ತುಮೀರಿ ಹಿಡ್ಕೊಂಡೆ ಮಗಾ. ಅಷ್ಟರಲ್ಲಿ ನಾನು ಬಿದ್ದೆ. ಅಮೋಸ್ ಇನ್ನೂ ಬಿದ್ದಿಲ್ಲ."

"ನಾಳೆ ಬೆಳಗ್ಗೆನೇ ಕೀಲ್ ಹತ್ರ ಹೋಗಿ ಹೇಳ್ತೀನಿ."

"ಬೇಡ. ಮುಚ್ಚಿದ ಬಾಗಿಲ ಹಿಂದೆ ಹೇಳೋದೂ ಒಂದೇ, ಆ ಹ್ಯಾಮೂ ಒಂದೇ. ಅವನು ಕೇಳಿಸ್ಕೊಂಡು ಡ್ರಾಯರಿಗೆ ಹಾಕ್ಕೋತಾನೆ. ಅಮೋಸ್ ಮೈಕಿನ ಮುಂದೆ ಹೇಳಿದ್ದು. ಸೋಮವಾರ ಸ್ಲೋವಾಕರ ಭವನದಲ್ಲಿ ಊಟ ಇದೆ."

ಹುಡುಗ ಹೋಗುತ್ತೇನೆ ಎನ್ನಲಿಲ್ಲ. ಓಟಿಸ್ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ. ಬರ್ನಿಸ್ ಗ್ರೇಡಿಯ ತಟ್ಟೆಗೆ ಎರಡು ಸುರುಳಿ ಹಾಕಿದಳು. ಎಡಗೈಯಲ್ಲಿ ತಿನ್ನಲು ಬಾರದೆ ಅವನು ಒದ್ದಾಡುತ್ತಿದ್ದಾಗ ಅಮೋಸ್ ಮಾತಿಲ್ಲದೆ ತಟ್ಟೆ ಎಳೆದುಕೊಂಡು ಸುರುಳಿಗಳನ್ನು ಕತ್ತರಿಸಿ ಕೊಟ್ಟ.

ಆ ಶುಕ್ರವಾರ, ಶನಿವಾರ, ಭಾನುವಾರ ಲ್ಯಾಡ್ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. "ಅವನು ಹೋಗ್ತಾನೆ ಅಂತೀಯಾ?" ಎಂದು ಬರ್ನಿಸ್ ಕೇಳಿದರೆ, "ನಂಗೇನು ಗೊತ್ತು? ನಾನು ಕ್ವಾರ್ಟರ್‌ಬ್ಯಾಕನ್ನ ನೋಡೋನಲ್ಲ" ಎಂದು ಸಿಡುಕಿದ. ಹ್ಯಾಮ್ ಜಗುಲಿಯ ಚಳಿಯಲ್ಲೇ ಇತ್ತು. ಚರ್ಚಿಗೆ ಒಯ್ಯುತ್ತೇನೆ ಎಂದು ಅವಳು ಅಂದಾಗ, ಇರಲಿ ಎಂದ.

ಸೋಮವಾರ ಮಧ್ಯಾಹ್ನ ಅಡುಗೆಮನೆಯ ರೇಡಿಯೋ ಹಾಕಿದರು. ತಟ್ಟೆಗಳ ಸದ್ದು, ಎಡ್ ಸ್ಟ್ರಾಪ್ಕೊನ ಕೆಮ್ಮು. ಯಾರೋ ಸಹಾಯಕ ಕೋಚ್ ಏನೇನೋ ಗೊಣಗಿದ. ಕೀಲ್ ಮೈಕು ಹಿಡಿದು, ನಾಳೆ ಸಾಲಿನಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ ಎಂದ. ಚಪ್ಪಾಳೆ ಬಿತ್ತು. ಲ್ಯಾಡ್ ರೇಡಿಯೋ ಆರಿಸಲು ಕೈ ಚಾಚಿದ. ಅಷ್ಟರಲ್ಲಿ ಕುರ್ಚಿ ಎಳೆದ ಸದ್ದು, ಗದ್ದಲ, ಆಮೇಲೆ ಆ ಎಳೆಯ ದನಿ.

"ನಾನು ಗ್ರೇಡಿ ವಿಟ್ಲಾಕ್. ಆ ಆರನೇವನು ನನ್ನ ಪಾಲು. ಚೆಂಡು ಎಸೀಬೇಕಿತ್ತು, ನಾನು ಎಸೀಲಿಲ್ಲ. ಅಮೋಸ್ ಮಾಡಿದ್ದು ಸರಿ, ಕೋಚ್ ಹೇಳಿದ್ದು ಸರಿ. ಎಲುಬು ಮುರಿದಿದ್ದೂ ನಂದೇ, ತಪ್ಪೂ ನಂದೇ. ನಾಳೆ ಅಮೋಸ್‌ನ ತೆಗೆಯೋದಾದ್ರೆ, ಈ ಭುಜ ವಾಸಿ ಆದ್ಮೇಲೆ ನಿಮಗೆ ಚೆಂಡು ಎಸೆಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಭವನದಲ್ಲಿ ಗದ್ದಲವೆದ್ದಿತು. ಆಮೇಲೆ ಎಡ್ ಸ್ಟ್ರಾಪ್ಕೊನ ಗಂಟಲು ಎಲ್ಲಕ್ಕಿಂತ ಮೇಲೆ ಕೇಳಿಸಿತು. "ಕೇಳಿಸ್ತೇನಯ್ಯಾ ಕೀಲ್? ಈಗ ಬದಲಾವಣೆ ಮಾಡು ನೋಡೋಣ."

ಲ್ಯಾಡ್ ರೇಡಿಯೋ ಆರಿಸಿದ. ಸ್ವಲ್ಪ ಹೊತ್ತು ತನ್ನ ಸೊಟ್ಟ ಬೆರಳುಗಳನ್ನೇ ನೋಡುತ್ತ ಕೂತ. ಬರ್ನಿಸ್ ಅವನ ಹಿಂದೆ ಬಂದು ಹೆಗಲ ಮೇಲೆ ಕೈಯಿಟ್ಟಳು. ಅವನಿಗೆ ಅಳು ಬಂದಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

"ಎಲ್ಲಿ ಆ ಹ್ಯಾಮು?" ಎಂದ.

"ಹೊರಗೇ ಇದೆ."

"ತಗೊಂಡ್ ಬಾ. ಚಾಕು ಎಲ್ಲಿಟ್ಟಿದ್ದೀ?"

ಅವಳು ಹ್ಯಾಮ್ ತಂದು ಮೇಜಿನ ಮೇಲಿಟ್ಟಳು. ಲ್ಯಾಡ್ ದಪ್ಪನೆಯ ಒಂದು ಹೋಳು ಕೊಯ್ದ. ಅದೇ ಹೊತ್ತಿಗೆ ಫೋನು ಹೊಡೆದುಕೊಳ್ಳತೊಡಗಿತು, ನಿಂತು, ಮತ್ತೆ ಹೊಡೆದುಕೊಂಡಿತು.

"ಕೀಲ್ ಇರ್ಬೇಕು" ಎಂದಳು ಬರ್ನಿಸ್. "ವಾಪಸು ಕರೀತಾನೋ ಏನೋ."

"ಹೊಡ್ಕೊಳ್ಳಲಿ ಬಿಡು" ಎಂದ ಲ್ಯಾಡ್. "ಊಟ ಮಾಡ್ತಾ ಇದ್ದೀನಿ. ಸಾಸಿವೆ ಕೊಡು."